ಊರಿನ ಕೆಲಸ, ಹೆಂಗಸರ ಸಭೆ: ಮಹಿಳಾ ಸಮಾಜದ ಚರಿತ್ರೆ ಮತ್ತು ಉದ್ದೇಶ

(ರಾಮನಾಥಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಎಂದರೆ ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಒಳ್ಳೆಯ ಮಾತು ಆಡಿಸಬೇಕು. ದುಡ್ಡಿಟ್ಟವರು ಮುಂದೆ ಬರುವವರ ಮೇಲೆ ನಂಬಿಕೆಯಿಟ್ಟು ಹೋಗಿರುತ್ತಾರೆ. ಈ ವರ್ಷ ಯಾವ ವಿಷಯದ ಮೇಲೆ ಮಾತಾಡಬೇಕು ಎಂಬ ಪ್ರಶ್ನೆ ಬಂದಾಗ ನಾನು ಆರಿಸಿಕೊಂಡದ್ದು ಮಹಿಳಾ ಸಮಾಜ. ಹಳೆಯ ಮೈಸೂರು ಸೀಮೆಯ ಪಟ್ಟಣಗಳಲ್ಲಿ ಈ ಹೆಸರಿನ ಕಟ್ಟಡಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಕೆಲವು ಕಡೆ ಒಳಗೆ ಶಿಶುವಿಹಾರ ನಡೆಯುತ್ತಿದೆ. ಕೆಲವು ಕಡೆ ಮದುವೆ ನಿಶ್ಚಿತಾರ್ಥಕ್ಕೆ ಬಾಡಿಗೆಗೆ ಕೊಡುತ್ತಾರೆ. ಇನ್ನು ಕೆಲವು ಕಡೆ ಬಾಗಿಲಿಗೆ ಬೀಗ ಬಿದ್ದಿದೆ. ಆ ಕಟ್ಟಡಗಳನ್ನು ಯಾಕೆ ಕಟ್ಟಿದರು, ಅಲ್ಲಿ ಹೆಂಗಸರು ಏನು ಕಲಿತರು, ಆ ಕೆಲಸ ಈಗ ಮುಗಿದಿದೆಯೇ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ. ಮುಗಿದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಹೇಳುತ್ತೇನೆ.

1913ರ ಸುಮಾರು

ಮೊದಲು ಓದು ಬಂತು, ಆಮೇಲೆ ಸಭೆ ಬಂತು. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದರು. ಅದೇ ಮುಂದೆ ಅರಮನೆಯ ಆಶ್ರಯ ಪಡೆದು ಮಹಾರಾಣಿ ಶಾಲೆಯಾಗಿ, ಕಾಲೇಜಾಗಿ ಬೆಳೆಯಿತು. 1894ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಕಾಯಿದೆ ತಂದಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಕಟ್ಟಿಕೊಳ್ಳಬಾರದು ಎಂದು ಅದರಲ್ಲಿತ್ತು. ಇಷ್ಟನ್ನು ತಡೆಯುವುದಕ್ಕೂ ಕಾನೂನು ಬೇಕಾಗಿತ್ತು ಎಂದರೆ ಆ ಕಾಲ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಬಹುದು. 1901ರ ಜನಗಣತಿಯಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ.

ಅಂಥ ಕಾಲದಲ್ಲಿ ಬೆಂಗಳೂರಿನಲ್ಲಿ 1905ರಲ್ಲಿ ಅಬಲಾಶ್ರಮ ಶುರುವಾಯಿತು. ವೆಂಕಟವರದ ಅಯ್ಯಂಗಾರ್ಯರು ವಿಧವೆಯರಿಗೂ ದಿಕ್ಕಿಲ್ಲದವರಿಗೂ ನೆಲೆ ಕಲ್ಪಿಸಲು ಅದನ್ನು ಕಟ್ಟಿದರು. ಆಶ್ರಮದಲ್ಲಿ ಅನ್ನ ಹಾಕುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಹೆಂಗಸರೇ ಸೇರಿ, ಹೆಂಗಸರೇ ನಡೆಸುವ ಸಭೆ ಬರುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು. 1913ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿತು. ಅದೇ ವರ್ಷ ಆರ್. ಕಲ್ಯಾಣಮ್ಮನವರು ಶಾರದಾ ಸ್ತ್ರೀ ಸಮಾಜ ಕಟ್ಟಿದರು. ಅದೇ ವರ್ಷ ನಂಜನಗೂಡಿನ ತಿರುಮಲಾಂಬಾ ಅವರು ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿದರು. ಕಲ್ಯಾಣಮ್ಮನವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ತಿರುಮಲಾಂಬಾ ಬಾಲವಿಧವೆ, ಮನೆಯಲ್ಲೇ ಓದು ಕಲಿತವರು. ಒಬ್ಬರು ಸಭೆ ಕಟ್ಟಿದರು, ಇನ್ನೊಬ್ಬರು ಪುಸ್ತಕ ಅಚ್ಚು ಹಾಕಿಸಿದರು. ಮನೆಯೊಳಗಿನ ಮಾತನ್ನು ನಾಲ್ಕು ಜನರ ಮುಂದೆ ಇಡಬೇಕು ಎಂಬ ಹಂಬಲ ಇಬ್ಬರದೂ ಒಂದೇ.

ಕಲ್ಯಾಣಮ್ಮನವರು ಅಲ್ಲಿಗೇ ನಿಲ್ಲಲಿಲ್ಲ. ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ತಿರುಮಲಾಂಬಾ ಅವರು 1917ರಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು. ಆದರೆ ಮುಂದೆ ಮದ್ರಾಸು ಸೇರಿದ ಅವರನ್ನು ಕನ್ನಡದವರು ಬಹುಕಾಲ ಮರೆತೇಬಿಟ್ಟಿದ್ದರು. 1982ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕನ್ನಡದ ಕೆಲವು ವಿದ್ವಾಂಸರು ಅವರನ್ನು ಮತ್ತೆ ಹುಡುಕಿಕೊಂಡಿದ್ದರು. ಅವರ ಬರಹದ ಮೇಲೆ ಕೆಲಸ ಮಾಡಿದವರಲ್ಲಿ ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ದಬ್ಬೆಯಲ್ಲಿ ಹುಟ್ಟಿದ ವಿಜಯಾ ದಬ್ಬೆ ಒಬ್ಬರು. ಮೈಸೂರಿನಲ್ಲಿ ಸಮತಾ ವೇದಿಕೆ ಎಂಬ ಮಹಿಳಾ ಸಂಘಟನೆ ಕಟ್ಟಿದವರಲ್ಲೂ ಅವರೊಬ್ಬರು. ಹೆಂಗಸರು ಮಾಡಿದ ಕೆಲಸ ಬರೆದಿಡದೆ ಹೋದರೆ ಎರಡೇ ತಲೆಮಾರಿನಲ್ಲಿ ಅಳಿಸಿಹೋಗುತ್ತದೆ ಎಂಬುದಕ್ಕೆ ತಿರುಮಲಾಂಬಾ ಅವರ ಬಾಳಿಗಿಂತ ಬೇರೆ ಸಾಕ್ಷಿ ಬೇಡ.

1913ರ ಹಿಂದುಮುಂದಿನ ದಶಕಗಳಲ್ಲಿ ಹೊರಗಿನ ಜಗತ್ತಿನಲ್ಲೂ ಇಂಥದೇ ಗಾಳಿ ಬೀಸುತ್ತಿತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸ್ಟೋನಿ ಕ್ರೀಕ್ ಎಂಬ ಹಳ್ಳಿಯಲ್ಲಿ 1897ರಲ್ಲಿ ರೈತರ ಮನೆಯ ಹೆಂಗಸರು ಸೇರಿ ಮೊದಲ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಅದಕ್ಕೆ ಪ್ರೇರಣೆ ಕೊಟ್ಟ ಅಡಿಲೇಡ್ ಹುಡ್‌ಲೆಸ್ ಎಂಬಾಕೆ ಕೆಟ್ಟ ಹಾಲಿನಿಂದ ಮಗುವನ್ನು ಕಳೆದುಕೊಂಡವರು ಎನ್ನುತ್ತಾರೆ. ಹಾಲು ಮನೆಯೊಳಗಿನ ವಿಷಯ. ಅದು ಶುದ್ಧವಾಗಿ ಬರುವಂತೆ ನೋಡಿಕೊಳ್ಳುವುದು ಊರಿನ ವಿಷಯ. ಹೀಗೆ ಅಡುಗೆಮನೆಯಿಂದ ಬೀದಿಗೆ ಬರುವ ದಾರಿ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮ ದೇಶದಲ್ಲಿ 1917ರಲ್ಲಿ ಮದ್ರಾಸಿನ ಅಡಯಾರಿನಲ್ಲಿ ಭಾರತೀಯ ಮಹಿಳಾ ಸಂಘ, 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಆರಂಭವಾದವು. ಆ ಪರಿಷತ್ತಿಗೆ ಓಡಾಡಿ ದುಡಿದ ಮೊದಲ ಕಾರ್ಯದರ್ಶಿಗಳಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು.

ಮೈಸೂರಿನಲ್ಲಿ ಈ ಸಭೆಗಳ ಫಲ ಬೇಗ ಕಂಡಿತು. 1923ರ ಕಾಯಿದೆಯಲ್ಲಿ ಪ್ರಜಾಪ್ರತಿನಿಧಿ ಸಭೆಯ ಮತದಾನಕ್ಕೆ ಹೆಂಗಸರಿಗಿದ್ದ ಅಡ್ಡಿ ತೆಗೆಯಲಾಯಿತು. ಕಂದಾಯ, ಆಸ್ತಿ ಇದ್ದವರಿಗೆ ಮಾತ್ರ ಮತವಿದ್ದ ಕಾಲ ಅದು. ಹಾಗಾಗಿ ಮತ ಸಿಕ್ಕ ಹೆಂಗಸರು ಕೆಲವರೇ. 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂದು, ಮನೆ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಸಿಕ್ಕಿತು. ಭಾರತದ ಎಷ್ಟೋ ಕಡೆ ಆಗ ಇಂಥ ಯೋಚನೆಯೂ ಇರಲಿಲ್ಲ. ಮಗಳಿಗೆ ಮಗನ ಸಮ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಒಂದು ಹಕ್ಕು ಕಾಗದದ ಮೇಲೆ ಪೂರ್ತಿಯಾಗುವುದಕ್ಕೆ ಎಪ್ಪತ್ತೆರಡು ವರ್ಷ ಹಿಡಿಯಿತು.

ಹುಬ್ಬಳ್ಳಿಯಿಂದ ಅರಸೀಕೆರೆಗೆ

ಉತ್ತರ ಕರ್ನಾಟಕದಲ್ಲಿ ಇದೇ ಕೆಲಸ ಸ್ವಾತಂತ್ರ್ಯ ಚಳವಳಿಯ ಜೊತೆಗೆ ಬೆಸೆದುಕೊಂಡಿತು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ಭಗಿನೀ ಮಂಡಳ ಕಟ್ಟಿದರು. ಅವರೂ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಮುಂದೆ 1946ರಲ್ಲಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕದ ಹೊಣೆಯನ್ನು ಗಾಂಧೀಜಿ ವಹಿಸಿದ್ದು ಇದೇ ಉಮಾಬಾಯಿಯವರಿಗೆ.

ಕಸ್ತೂರಬಾ ಟ್ರಸ್ಟಿನ ಮಾತು ಬಂದರೆ ನಾವು ಹಾಸನ ಜಿಲ್ಲೆಯವರು ಸ್ವಲ್ಪ ನಿಂತು ನೋಡಬೇಕು. ಕಸ್ತೂರಬಾ ಅವರು 1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡರು. ಅವರ ನೆನಪಿಗೆ ಜನರಿಂದ ಒಂದು ಕೋಟಿ ರೂಪಾಯಿಗೂ ಮೀರಿ ನಿಧಿ ಕೂಡಿತು. ಅದನ್ನು ಪಟ್ಟಣದ ದೊಡ್ಡ ಕಟ್ಟಡಕ್ಕೆ ಸುರಿಯದೆ, ಹಳ್ಳಿಯ ಹೆಂಗಸರು ಮಕ್ಕಳಿಗೇ ಖರ್ಚು ಮಾಡಬೇಕು, ಕೆಲಸ ಮಾಡುವವರೂ ಹೆಂಗಸರೇ ಆಗಿರಬೇಕು ಎಂದು ಗಾಂಧೀಜಿ ಪಟ್ಟುಹಿಡಿದರು. ಆ ಟ್ರಸ್ಟಿನ ಕರ್ನಾಟಕ ಶಾಖೆ ನೆಲೆಯೂರಿದ್ದು ನಮ್ಮ ಅರಸೀಕೆರೆಯ ಕಸ್ತೂರಬಾ ಗ್ರಾಮದಲ್ಲಿ. ಅದರ ಬೆನ್ನಿಗೆ ನಿಂತವರು ಯಶೋಧರಾ ದಾಸಪ್ಪನವರು. ಸತ್ಯಾಗ್ರಹದಲ್ಲಿ ದುಡಿದು, ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯದ ಮಂತ್ರಿಯಾಗಿ, 1972ರಲ್ಲಿ ಪದ್ಮಭೂಷಣ ಪಡೆದವರು. ಹಳ್ಳಿಯ ಹೆಣ್ಣುಮಗಳಿಗೆ ಹೆರಿಗೆಯ ಆರೈಕೆ, ಬಾಲವಾಡಿ, ನೂಲು, ಶುಚಿತ್ವ ಕಲಿಸಿ, ಗ್ರಾಮಸೇವಿಕೆಯಾಗಿ ಮತ್ತೆ ಹಳ್ಳಿಗೇ ಕಳಿಸುವುದು ಕಸ್ತೂರಬಾ ಟ್ರಸ್ಟು ಹಿಡಿದ ದಾರಿ.

1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆರಂಭವಾಯಿತು. ಇಪ್ಪತ್ತೈದರಷ್ಟು ಹಳ್ಳಿಗಳನ್ನು ಒಂದು ಗುಂಪು ಮಾಡಿ ಬಾಲವಾಡಿ, ಸೂಲಗಿತ್ತಿ, ಕಸುಬಿನ ತರಗತಿ ಒದಗಿಸುವ ಯೋಜನೆ ಬಂತು. ಯೋಜನೆಯ ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸುವ ಹೊಣೆ ಊರಿನ ಮಹಿಳಾ ಮಂಡಲಿಗಳ ಹೆಗಲಿಗೆ ಬಿತ್ತು. 1958ರಿಂದ ಶಾಲೆ ಬಿಟ್ಟ ದೊಡ್ಡ ಹೆಂಗಸರಿಗೆ ಎರಡು ವರ್ಷದಲ್ಲಿ ಪರೀಕ್ಷೆ ಪಾಸು ಮಾಡಿಸುವ ತರಗತಿಗಳೂ ನಡೆದವು. ಹೊಲಿಗೆ ಯಂತ್ರ, ಹಿಂದಿ ಪರೀಕ್ಷೆ, ಶಿಶುವಿಹಾರದ ಉಯ್ಯಾಲೆ, ದಸರಾ ಗೊಂಬೆ, ಭಜನೆ, ಹಪ್ಪಳ ಸಂಡಿಗೆ: ನಾವು ಮಹಿಳಾ ಸಮಾಜ ಎಂದೊಡನೆ ನೆನೆಯುವ ಚಿತ್ರ ಈ ಕಾಲದ್ದು.

ನಡವಳಿ ಪುಸ್ತಕ ಕಲಿಸಿದ್ದು

ಈ ಚಿತ್ರ ನೋಡಿ ನಕ್ಕವರು ಬಹಳ ಮಂದಿ. ಹಪ್ಪಳ ಒತ್ತುವುದಕ್ಕೆ ಸಮಾಜ ಯಾಕೆ ಎಂದು ಕೇಳಿದವರಿದ್ದಾರೆ. ಅವರು ಹಪ್ಪಳ ನೋಡಿದರು, ನಡವಳಿ ಪುಸ್ತಕ ನೋಡಲಿಲ್ಲ. ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ ಅದು. ಪ್ರತಿ ಸಭೆಗೂ ಒಂದು ಪುಟ. ಮೇಲ್ಗಡೆ ತಾರೀಖು, ವೇಳೆ, ಸ್ಥಳ. ಕೆಳಗೆ ಹಾಜರಿದ್ದವರ ಸಹಿ. ಮೊದಲ ಸಾಲು ಯಾವಾಗಲೂ ಹಿಂದಿನ ಸಭೆಯ ನಡವಳಿಯನ್ನು ಓದಿ ಒಪ್ಪಲಾಯಿತು ಎಂದಿರುತ್ತದೆ. ಆಮೇಲೆ ಒಂದೊಂದೇ ವಿಷಯ. ಪ್ರತಿ ಠರಾವಿನ ಕೆಳಗೆ ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಎಂದು ಎರಡು ಹೆಸರು. ಕೊನೆಗೆ ಜಮಾ ಎಷ್ಟು, ಖರ್ಚೆಷ್ಟು, ಕೈಯಲ್ಲಿ ಉಳಿದದ್ದೆಷ್ಟು.

ಇದರಲ್ಲಿ ಏನಿದೆ ದೊಡ್ಡದು ಎಂದು ಅನಿಸಬಹುದು. ಮನೆಯಲ್ಲಿ ಇಂಥವರ ಸೊಸೆ, ಇಂಥವರ ಹೆಂಡತಿ ಎನಿಸಿಕೊಂಡವಳು ಈ ಪುಟದಲ್ಲಿ ತನ್ನ ಹೆಸರಿನಲ್ಲೇ ಒಂದು ಮಾತು ಸೂಚಿಸುತ್ತಾಳೆ. ಇನ್ನೊಬ್ಬಳು ಅದನ್ನು ಅನುಮೋದಿಸುತ್ತಾಳೆ. ಒಪ್ಪದವಳು ಜಗಳವಾಡದೆ, ಮುನಿಸಿಕೊಂಡು ತೌರಿಗೆ ಹೋಗದೆ, ಒಪ್ಪಿಲ್ಲ ಎಂದು ಬರೆಸಬಹುದು. ನಾಲ್ಕಾಣೆ ಲೆಕ್ಕ ತಪ್ಪಿದರೆ ಖಜಾಂಚಿ ಉತ್ತರ ಕೊಡಬೇಕು, ಅವಳು ಎಷ್ಟೇ ದೊಡ್ಡ ಮನೆಯವಳಾಗಿರಲಿ. ಸರದಿಯ ಮೇಲೆ ಮಾತಾಡುವುದು, ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯುವುದು, ಬಹುಮತಕ್ಕೆ ತಲೆಬಾಗುವುದು, ಸೋತರೂ ಮುಂದಿನ ತಿಂಗಳು ಮತ್ತೆ ಬಂದು ಕೂರುವುದು, ಇವೆಲ್ಲ ಅಭ್ಯಾಸದಿಂದ ಬರುವ ವಿದ್ಯೆ. ಗಂಡಸರಿಗೆ ಇದನ್ನು ಕಲಿಯಲು ಸೊಸೈಟಿ, ಪಂಚಾಯ್ತಿ, ದೇವಸ್ಥಾನದ ಕಮಿಟಿ ಇದ್ದವು. ಹೆಂಗಸರಿಗೆ ಇದ್ದದ್ದು ಮಹಿಳಾ ಸಮಾಜ ಒಂದೇ. ನಮ್ಮ ಸೀಮೆಯಲ್ಲಿ ಪ್ರಜಾಪ್ರಭುತ್ವದ ಒಂದನೇ ತರಗತಿಯನ್ನು ಹೆಂಗಸರು ಓದಿದ್ದು ಅಲ್ಲಿ. ನನ್ನ ದೃಷ್ಟಿಯಲ್ಲಿ ಸಮಾಜದ ನಿಜವಾದ ಉದ್ದೇಶ ಇದೇ. ಹೊಲಿಗೆ, ಶಿಶುವಿಹಾರ ಎಲ್ಲ ಅದಕ್ಕೊಂದು ನೆಪ, ಒಳ್ಳೆಯ ನೆಪ.

ಬಾಗಿಲು ಯಾರಿಗೆ ತೆರೆದಿತ್ತು?

ಹೊಗಳಿಕೆ ಇಲ್ಲಿಗೆ ಸಾಕು. ಆ ತರಗತಿಗೆ ಎಲ್ಲರನ್ನೂ ಸೇರಿಸಿಕೊಳ್ಳಲಿಲ್ಲ. ಮಹಿಳಾ ಸಮಾಜಗಳ ಸದಸ್ಯಪಟ್ಟಿಯಲ್ಲಿ ಹೆಚ್ಚಿನವು ವಕೀಲರ, ಡಾಕ್ಟರ, ಅಧಿಕಾರಿಗಳ, ಜಮೀನ್ದಾರರ ಮನೆಯ ಹೆಸರುಗಳು. ಎಷ್ಟೋ ಊರುಗಳಲ್ಲಿ ಅಮಲ್ದಾರರ ಹೆಂಡತಿಯೇ ಅಧ್ಯಕ್ಷೆ. ಅಮಲ್ದಾರರಿಗೆ ವರ್ಗವಾದರೆ ಸಮಾಜಕ್ಕೂ ಅಧ್ಯಕ್ಷೆ ಬದಲು. ಮಧ್ಯಾಹ್ನ ಮೂರು ಗಂಟೆಗೆ ಸಭೆ ಎಂದರೆ, ಆ ಹೊತ್ತಿಗೆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವಳು ಬರುವುದೆಲ್ಲಿಂದ? ಕೇರಿಯ ಹೆಂಗಸರು ಅಂಗಳ ಗುಡಿಸಲು ಬಂದರು, ಜಮಖಾನದ ಮೇಲೆ ಕೂರಲು ಬರಲಿಲ್ಲ. ಮುಸ್ಲಿಂ ಮನೆಗಳ ಹೆಣ್ಣುಮಕ್ಕಳನ್ನು ಕರೆದವರೂ ಕಡಿಮೆ. ಸೇವೆ ಎಂದರೆ ಇರುವವರು ಇಲ್ಲದವರಿಗೆ ಕೊಡುವುದು ಎಂದು ತಿಳಿದದ್ದರಿಂದ, ಇಲ್ಲದವರು ಎಂದೂ ಸದಸ್ಯರಾಗಲಿಲ್ಲ, ಫಲಾನುಭವಿಗಳಾಗಿಯೇ ಉಳಿದರು. ಸಮಾಜಗಳು ಮುಂದೆ ಸೊರಗಿದ್ದಕ್ಕೆ ಇದೂ ಒಂದು ಕಾರಣ. ಅಮಲ್ದಾರರ ಮನೆಯ ಹೆಣ್ಣುಮಗಳು ಓದಿ ಕೆಲಸಕ್ಕೆ ಹೋದಳು. ಅವಳು ಬಿಟ್ಟ ಜಾಗದಲ್ಲಿ ಕೂರಲು ಬೇರೆ ಯಾರನ್ನೂ ತಯಾರು ಮಾಡಿರಲಿಲ್ಲ.

ಸರ್ಕಾರ ಬಂತು, ಸಾಲ ಬಂತು

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಮನಾಥಪುರದಂತೆಯೇ ಕಾವೇರಿ ದಂಡೆಯಲ್ಲಿರುವ ತಿರುಮಕೂಡಲು ನರಸೀಪುರವನ್ನು. ಶಿಶುವಿಹಾರದ ಕೆಲಸವನ್ನು ಅಂಗನವಾಡಿ ವಹಿಸಿಕೊಂಡಿತು. ಒಳ್ಳೆಯದೇ ಆಯಿತು. ಶಿಶುವಿಹಾರಕ್ಕೆ ಎಂದೂ ಬಾರದ ಮಕ್ಕಳು ಅಂಗನವಾಡಿಗೆ ಬಂದವು. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಹದಿನೈದು ಇಪ್ಪತ್ತು ಜನ ಕೂಡಿ ವಾರವಾರ ಉಳಿತಾಯ ಮಾಡುವ ಗುಂಪುಗಳು ಹಳ್ಳಿಹಳ್ಳಿಯಲ್ಲಿ ಎದ್ದವು. ಕೂಲಿಯವಳಿಗೂ ಬ್ಯಾಂಕಿನ ಬಾಗಿಲು ತೆರೆಯಿತು. ಹಳೆಯ ಸಮಾಜ ಮಾಡಲಾಗದ್ದನ್ನು ಈ ಸ್ತ್ರೀಶಕ್ತಿ ಸಂಘ ಮಾಡಿತು. ಇದನ್ನು ಕೃತಜ್ಞತೆಯಿಂದಲೇ ಹೇಳಬೇಕು.

ಆದರೆ ಸಂಘದ ಸಭೆಯಲ್ಲಿ ಈಗ ನಡೆಯುವ ಮಾತೇನು? ಈ ವಾರದ ಕಂತು ಯಾರು ಕಟ್ಟಿಲ್ಲ, ಮುಂದಿನ ಸಾಲ ಯಾರಿಗೆ, ಜಾಮೀನು ಯಾರು. ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಭಾರ. ಹಾಗಾಗಿ ನೆರೆಮನೆಯವಳ ಮೇಲೆ ನೆರೆಮನೆಯವಳೇ ಕಣ್ಣಿಡುತ್ತಾಳೆ. ಬೀದಿದೀಪದ ಮಾತು, ಬಸ್‌ಸ್ಟ್ಯಾಂಡಿನ ಶೌಚಾಲಯದ ಮಾತು ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಸಂಘ ಮನೆಯ ಕಷ್ಟಕ್ಕೆ ಆಯಿತು, ಊರಿನ ಕಷ್ಟಕ್ಕೆ ಒಂದು ಸಭೆ ಇಲ್ಲದಂತಾಯಿತು.

ಇನ್ನೊಂದು ಕಡೆ ಅಧಿಕಾರ ಬಂತು. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಕರ್ನಾಟಕ ಹೆಂಗಸರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೂ ಮೊದಲಿನ ಮಾತು ಇದು. 2010ರ ಹೊತ್ತಿಗೆ ಅರ್ಧ ಸ್ಥಾನ ಹೆಂಗಸರದಾಯಿತು. ಕುರ್ಚಿ ಸಿಕ್ಕಿತು, ಕುರ್ಚಿಯ ಮೇಲೆ ಕೂತು ಮಾತಾಡುವ ಅಭ್ಯಾಸ ಮಾಡಿಸುವ ಜಾಗ ಅಷ್ಟರಲ್ಲಿ ಮುಚ್ಚಿತ್ತು. ಅಧ್ಯಕ್ಷೆಯ ಪರವಾಗಿ ಗಂಡನೋ ಮಗನೋ ಫೈಲು ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಆ ಹೆಣ್ಣುಮಗಳ ತಪ್ಪಲ್ಲ. ಈಜು ಕಲಿಸದೆ ಹೊಳೆಗಿಳಿಸಿದರೆ ಯಾರಾದರೂ ಪಕ್ಕದವರ ಕೈ ಹಿಡಿಯುತ್ತಾರೆ. ಅಭ್ಯಾಸ ಸಿಕ್ಕವರು ಹೇಗೆ ಬೆಳೆಯುತ್ತಾರೆ ಎಂಬುದಕ್ಕೆ ನಮ್ಮ ಹಾಸನದವರೇ ಸಾಕ್ಷಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಕಥೆ ಬರೆದಂತೆಯೇ ವಕೀಲಿಕೆ ಮಾಡಿದವರು, ಹಾಸನದ ಪೌರಸಭೆಯಲ್ಲಿ ಸದಸ್ಯೆಯಾಗಿ ಕೂತವರು.

ರಾಮನಾಥಪುರಕ್ಕೆ ಏನು ಕೆಲಸ?

ಈಗ ನಿಮ್ಮ ಊರಿಗೆ ಬರುತ್ತೇನೆ. ರಾಮೇಶ್ವರನ ಸನ್ನಿಧಿ, ಸುಬ್ರಹ್ಮಣ್ಯನ ಷಷ್ಠಿಯ ಜಾತ್ರೆ, ಕಾವೇರಿ. ಹೊಳೆಯ ವಹ್ನಿ ಪುಷ್ಕರಿಣಿಯ ಮೀನನ್ನು ಯಾರೂ ಹಿಡಿಯುವುದಿಲ್ಲ. ಪೊಲೀಸರು ಕಾವಲಿರುವುದರಿಂದ ಅಲ್ಲ, ಊರು ಒಪ್ಪಿಕೊಂಡಿರುವುದರಿಂದ. ಊರು ಒಪ್ಪಿದರೆ ಏನನ್ನು ಉಳಿಸಿಕೊಳ್ಳಬಹುದು ಎಂದು ನಿಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಹಾಗಾದರೆ ಅದೇ ನೀರಿಗೆ ಬೀಳುವ ಸೋಪಿನ ನೊರೆ, ಪ್ಲಾಸ್ಟಿಕ್ಕು, ಬಿಟ್ಟುಹೋದ ಬಟ್ಟೆಯ ಬಗ್ಗೆ ಊರು ಯಾವಾಗ ಒಪ್ಪಂದಕ್ಕೆ ಬರುತ್ತದೆ? ಜಾತ್ರೆಯಲ್ಲಿ ಹೊಳೆ ಮಿಂದ ಹೆಂಗಸರು ಒದ್ದೆ ಸೀರೆ ಬದಲಿಸುವುದಕ್ಕೆ ಸಾಕಷ್ಟು ಮರೆ ಇದೆಯೇ, ಶೌಚಾಲಯಕ್ಕೆ ನೀರಿದೆಯೇ ಎಂದು ಜಾತ್ರೆಗೆ ಒಂದು ತಿಂಗಳು ಮುಂಚೆ ಕೇಳುವವರು ಯಾರು? ಅನುಭವಿಸುವವರೇ ಕೇಳಬೇಕು.

ಎರಡನೆಯದು ಹೊಗೆಸೊಪ್ಪು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರಿದು. ಸೊಪ್ಪು ಮುರಿಯುವುದರಿಂದ ಹಿಡಿದು, ಕಡ್ಡಿಗೆ ಕಟ್ಟುವುದು, ಸೊಪ್ಪು ಹದಮಾಡುವ ಬ್ಯಾರನ್ನಿನಿಂದ ಇಳಿಸಿದ ಮೇಲೆ ದರ್ಜೆವಾರು ವಿಂಗಡಿಸುವ ತನಕ ಬಹುಪಾಲು ಹೆಂಗಸರ ಕೈ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು ಬರುತ್ತದೆ. ದೃಷ್ಟಿಯಾಯಿತು, ಪಿತ್ತವಾಯಿತು ಎಂದುಕೊಂಡು ಮಾರನೆಯ ದಿನ ಮತ್ತೆ ಅದೇ ಕೆಲಸಕ್ಕೆ ಹೋದರೆ ಕಾಯಿಲೆ ವಾಸಿಯಾಗುವುದಿಲ್ಲ. ಕೈಗವಸು, ಉದ್ದ ತೋಳಿನ ಅಂಗಿ, ಇಬ್ಬನಿ ಆರಿದ ಮೇಲೆ ಕೆಲಸ, ಕೆಲಸವಾದ ಕೂಡಲೇ ಸೋಪಿನಲ್ಲಿ ಕೈ ತೊಳೆಯಲು ನೀರು: ಇವಿಷ್ಟನ್ನು ಬೆಳೆಗಾರರ ಜೊತೆ ಕೂತು ಮಾತಾಡಿ ಒಪ್ಪಿಸುವುದು ಒಬ್ಬ ಕೂಲಿಯವಳಿಂದ ಆಗುವುದಿಲ್ಲ. ಒಂದು ಸಮಾಜದಿಂದ ಆಗುತ್ತದೆ.

ಮೂರನೆಯದು ಪ್ರವಾಹ. 2018 ಮತ್ತು 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದ್ದು ನಿಮಗೆ ನೆನಪಿದೆ. ತಗ್ಗಿನ ಬೀದಿಗಳಲ್ಲಿ ಬಾಣಂತಿ ಯಾರು, ಹಾಸಿಗೆ ಹಿಡಿದ ಮುದುಕರು ಯಾರು, ದಿನವೂ ಮಾತ್ರೆ ಬೇಕಾದವರು ಯಾರು ಎಂಬ ಪಟ್ಟಿ ತಾಲ್ಲೂಕು ಕಚೇರಿಗಿಂತ ಮೊದಲು ನೆರೆಮನೆಯ ಹೆಂಗಸರ ತಲೆಯಲ್ಲಿ ಇರುತ್ತದೆ. ಅದನ್ನು ಮಳೆಗಾಲಕ್ಕೆ ಮುಂಚೆ ಕಾಗದಕ್ಕೆ ಇಳಿಸಿ ಪಂಚಾಯ್ತಿಗೆ ಒಂದು ಪ್ರತಿ ಕೊಟ್ಟರೆ ಜೀವ ಉಳಿಯುತ್ತದೆ.

ಇದಕ್ಕೆಲ್ಲ ಬೇಕಾದ ಬಂಡವಾಳ ದೊಡ್ಡದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ವರ್ಷಕ್ಕೊಂದು ಸರ್ವಸದಸ್ಯರ ಸಭೆ ನಡೆಸಿ ಲೆಕ್ಕ ಒಪ್ಪಿಸಬೇಕು. ಆ ಏಳು ಜನರಲ್ಲಿ ಹೊಗೆಸೊಪ್ಪಿನ ಕೂಲಿಯವಳು ಒಬ್ಬಳಿರಲಿ, ಆಶಾ ಕಾರ್ಯಕರ್ತೆ ಒಬ್ಬರಿರಲಿ, ಕೇರಿಯವರು, ಮುಸ್ಲಿಂ ಮನೆಯವರು, ಬೀದಿ ಗುಡಿಸುವವರು, ನಿವೃತ್ತ ಟೀಚರು ಇರಲಿ, ಕಾಲೇಜಿಗೆ ಹೋಗುವ ಹುಡುಗಿಯೂ ಇರಲಿ. ಅಧ್ಯಕ್ಷಸ್ಥಾನ ವರ್ಷಕ್ಕೊಮ್ಮೆ ಬದಲಾಗಲಿ. ಸಭೆ ಕೆಲಸ ಮುಗಿದ ಹೊತ್ತಿಗೆ, ಸಂಜೆ ಆರೂವರೆಗೆ ಇರಲಿ. ಸಾಲದ ಮಾತು ಅಲ್ಲಿ ಬೇಡ, ಅದಕ್ಕೆ ಸ್ತ್ರೀಶಕ್ತಿ ಸಂಘವಿದೆ. ಪಕ್ಷದ ಮಾತೂ ಬೇಡ, ಅದಕ್ಕೆ ಚುನಾವಣೆ ಬರುತ್ತದೆ. ಮೂರು ಪುಸ್ತಕ ಸಾಕು: ನಡವಳಿಗೆ ಒಂದು, ಜಮಾಖರ್ಚಿಗೆ ಒಂದು, ಕೊಟ್ಟ ಅರ್ಜಿ ಮತ್ತು ಬಂದ ಉತ್ತರ ಬರೆದಿಡಲು ಒಂದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು ಎಂದು ಪಂಚಾಯ್ತಿ ರಾಜ್ ಕಾಯಿದೆ ಹೇಳುತ್ತದೆ. ಆ ಸಭೆಗೆ ಮೂರನೆಯ ಪುಸ್ತಕ ಕೈಯಲ್ಲಿ ಹಿಡಿದು ಹೋದವರನ್ನು ಯಾವ ಅಧಿಕಾರಿಯೂ ಹಗುರವಾಗಿ ಕಾಣಲಾರ.

2023ರ ಜೂನ್‌ನಿಂದ ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ತಾಲ್ಲೂಕು ಕೇಂದ್ರ ಅರಕಲಗೂಡಿನ ಕಚೇರಿಗೆ ಅರ್ಜಿ ಹಿಡಿದು ಹೋಗಲು ಗಂಡನ ಜೇಬು ನೋಡಬೇಕಿಲ್ಲ. ಮುತ್ತಜ್ಜಿಯರ ತಲೆಮಾರಿಗೆ ಇಲ್ಲದಿದ್ದ ಓದು, ಮತ, ಮೀಸಲಾತಿ, ಬ್ಯಾಂಕಿನ ಖಾತೆ ಎಲ್ಲ ಇವತ್ತು ನಿಮ್ಮ ಕೈಯಲ್ಲಿವೆ. 1913ರಲ್ಲಿ ಇವುಗಳಲ್ಲಿ ಬಹುಪಾಲು ಇಲ್ಲದೆಯೇ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಸಮಾಜ ಕಟ್ಟಿದಳು.

ಈ ಸಭೆ ಮುಗಿದ ಮೇಲೆ ಎದ್ದು ಹೋಗುವ ಮುಂಚೆ ಏಳು ಜನ ಹೆಂಗಸರು ಹಿಂದೆ ಉಳಿಯಬೇಕು, ಮೊದಲ ಸಭೆಯ ತಾರೀಖು ಇಲ್ಲೇ ಗೊತ್ತು ಮಾಡಬೇಕು ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಬರುವವರಿಗೆ ನಿಮ್ಮ ನಡವಳಿ ಪುಸ್ತಕ ತೋರಿಸಿ.